ಮಡಚಿದ್ದಕ್ಕೆ ಹತ್ತು ಅಂಕ

ನಮ್ಮ ಪರೀಕ್ಷೆಯಲ್ಲಿ ಎಲ್ಲ ಮುಗಿದ ಮೇಲೆ ಕತ್ತರಿ ಬರುತ್ತಿತ್ತು.

ಬರವಣಿಗೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿ ಬೀಳುತ್ತದಲ್ಲ, ಹೊಲಿಗೆಯ ಪರೀಕ್ಷೆಯಲ್ಲಿ ಹಾಗೆ ಕತ್ತರಿ. ನಾವು ಹೊಲಿದು ಒಪ್ಪಿಸಿದ ಬಟ್ಟೆಯನ್ನು ಪರೀಕ್ಷಕರು ತಿರುವಿ ಮುರುವಿ ನೋಡಿ, ಅಂಕ ಬರೆದು, ಕೊನೆಗೆ ಅದರಿಂದ ಮೂರು ಮೂಲೆಯ ಒಂದು ತುಂಡನ್ನು ಕತ್ತರಿಸಿ ತೆಗೆಯುತ್ತಿದ್ದರು. ತೂತು ಬಿದ್ದ ಬಟ್ಟೆ ಎಂದರೆ ಅಂಕ ಹಾಕಿ ಮುಗಿದ ಬಟ್ಟೆ. ಅಕ್ಕ ಹೊಲಿದ ಲಂಗವನ್ನು ಮರುವರ್ಷ ತಂಗಿ ತನ್ನದೆಂದು ತಂದು ಇಡಬಾರದು, ಅದಕ್ಕೆ ಈ ಕ್ರಮ. ಮೋಸ ನಡೆಯುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲೋ ಒಬ್ಬಳು ಮಾಡಿದ ಮೋಸಕ್ಕೆ ಉಳಿದ ಹುಡುಗಿಯರ ಹೊಸ ಬಟ್ಟೆಗೆಲ್ಲ ತೂತು ಮಾಡುವುದು ಯಾವ ಶಾಲೆಯ ಬುದ್ಧಿ ಎಂದು ಯಾರೂ ಕೇಳುತ್ತಿರಲಿಲ್ಲ.

ಇದು ಈಗ ನೆನಪಾಗಲು ಕಾರಣ ನನ್ನ ತಂಗಿಯ ಮಗಳು. ಅವಳೂ ನನ್ನ ಹಾಗೆ ಟೀಚರ್. ಮೊನ್ನೆ ಮಣಿಪಾಲದಲ್ಲಿ ಎಂತದೋ ತರಬೇತಿ ಮುಗಿಸಿ ಬಂದವಳು ಎರಡು ಹೊಸ ಪದ ಹಿಡಿದುಕೊಂಡು ಬಂದಿದ್ದಳು, ಪೋರ್ಟ್‌ಫೋಲಿಯೊ ಮತ್ತು ರೂಬ್ರಿಕ್. ಮಕ್ಕಳು ವರ್ಷವಿಡೀ ಮಾಡಿದ ಕೆಲಸವನ್ನು ಒಂದು ಫೈಲಿನಲ್ಲಿ ಸೇರಿಸಿ ಇಡುವುದು ಮೊದಲನೆಯದಂತೆ. ಯಾವ ಗುಣಕ್ಕೆ ಎಷ್ಟು ಅಂಕ ಎಂದು ಮೊದಲೇ ಕಲಂ ಹಾಕಿ ತಿಳಿಸುವ ಹಾಳೆ ಎರಡನೆಯದಂತೆ. "ತುಂಬಾ ಹೊಸ ಪದ್ಧತಿ ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದಳು. "ನನಗೆ ಅದು ಗೊತ್ತುಂಟು. ನನ್ನ ಅಮ್ಮನ ಬೆನ್ನಿಗೆ ತೂತು ಮಾಡಿದ್ದು ಅದೇ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಇಷ್ಟು ವರ್ಷವಾದರೂ ಆ ಸಿಟ್ಟು ನನ್ನಲ್ಲಿ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಲೆವೂರಿನಿಂದ ದಿನಾ ಬಸ್ಸಿನಲ್ಲಿ ಉಡುಪಿಗೆ ಹೋಗಿ, ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗುವುದಕ್ಕೆ ಬೇಕಾದ ತರಬೇತಿ ಪಡೆಯುತ್ತಿದ್ದೆ. ನಮ್ಮಲ್ಲಿ ಎಲ್ಲದಕ್ಕಿಂತ ದೊಡ್ಡದು ಫೈಲು. ಅಂಗೈ ಅಗಲದ ಕೋರಾ ಬಟ್ಟೆಯ ತುಂಡಿನ ಮೇಲೆ ಒಂದೊಂದು ಹೊಲಿಗೆ ಹಾಕಿ ರಟ್ಟಿಗೆ ಅಂಟಿಸಬೇಕು. ಅಂಚು ಮಡಚಿ ಹೊಲಿದದ್ದು ಒಂದು ಪುಟ, ಕಾಜ ಒಂದು ಪುಟ, ನೆರಿಗೆ, ರಫು, ತೇಪೆ, ಹೀಗೆ ಎರಡು ವರ್ಷ ಕಲಿತದ್ದೆಲ್ಲ ಆ ಫೈಲಿನ ಹೊಟ್ಟೆಯೊಳಗೆ ಹೋಗಬೇಕು. ಮಣಿಪಾಲದ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಹೋಗುತ್ತಿದ್ದ ನೆರೆಮನೆಯವರು ಅಲ್ಲಿ ಕತ್ತರಿಸಿ ಬಿಸಾಡಿದ ದಪ್ಪ ರಟ್ಟನ್ನು ನನಗೆ ತಂದುಕೊಡುತ್ತಿದ್ದರು. ನನ್ನ ಫೈಲಿನ ಪುಟಗಳು ಒಂದು ಅಗಲ, ಒಂದು ಕಿರಿದು. ಬೇರೆ ಹುಡುಗಿಯರು ಬಣ್ಣದ ಕಾಗದ ಅಂಟಿಸಿ, ಸುತ್ತ ಮಿರಿಮಿರಿ ಜರಿಯ ಅಂಚು ಕೊಟ್ಟು, ಮದುವೆ ಮಂಟಪ ಮಾಡಿ ತರುತ್ತಿದ್ದರು. ಕೆಲವರು ಕಾಜವನ್ನು ಟೈಲರಂಗಡಿಯಲ್ಲಿ ಹಾಕಿಸಿ ತಂದು ಜರಿಯ ಮಧ್ಯೆ ಅಂಟಿಸುತ್ತಿದ್ದರು. ಅದಕ್ಕೆ ಪೂರ್ತಿ ಅಂಕ ಬರುತ್ತಿತ್ತು. ಯಾಕೆಂದರೆ 'ಫೈಲಿನ ಅಂದ' ಎಂದೇ ಒಂದು ಕಲಂ ಇತ್ತು.

ಆ ಕಲಂಗಳಿದ್ದ ಹಾಳೆಯನ್ನು ಮೊದಲ ವರ್ಷವೇ ಸೈಕ್ಲೋಸ್ಟೈಲ್ ಮಾಡಿ ನಮಗೆಲ್ಲ ಹಂಚಿದ್ದರು. ಕೊನೆಯ ಪರೀಕ್ಷೆಗೆ ಫೈಲಿನ ಜೊತೆ ಪೂರ್ತಿ ಹೊಲಿದ ಒಂದು ಉಡುಪನ್ನೂ ಇಡಬೇಕು, ಅದನ್ನು ಈ ಹಾಳೆಯ ಪ್ರಕಾರ ನೋಡುತ್ತಾರೆ ಎಂದರು. ಹೊಲಿಗೆ ನೇರ ಉಂಟಾ, ಅಂಚು ಸರಿ ಉಂಟಾ, ಹುಕ್ಕು ಕಾಜ ಕೂತಿದೆಯಾ, ಇಸ್ತ್ರಿ ಬಿದ್ದಿದೆಯಾ ಎಂದೆಲ್ಲ ಕಲಂಗಳು. ನಡುವೆ ಒಂದು ಕಲಂ 'ಸಮತೆ' ಅಂತ. ಎಡ ಬಲ ಸಮ, ಹಿಂದೆ ಮುಂದೆ ಸಮ ಇರಬೇಕು. ಅದಕ್ಕೆ ಹತ್ತು ಅಂಕ. ಉಡುಪು ಯಾರಿಗೆ, ಅವರು ಅದನ್ನು ಹಾಕಿದರೆ ಹೇಗೆ ಕೂರುತ್ತದೆ ಎಂದು ಕೇಳುವ ಕಲಂ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಮನುಷ್ಯರ ಮೈ ಎಂಬುದೊಂದು ಇದೆ ಎಂಬ ಅನುಮಾನವೇ ಆ ಹಾಳೆ ಬರೆದವರಿಗೆ ಬಂದಿರಲಿಲ್ಲ.

ನಮಗೆ ಕಲಿಸುತ್ತಿದ್ದ ಟೀಚರ್ ಕಾಪುವಿನ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಒಳ್ಳೆಯ ಕೈ. "ಮೈ ನೋಡಿ ಹೊಲಿಯಬೇಕು ಮಕ್ಕಳೇ, ಪುಸ್ತಕ ನೋಡಿ ಅಲ್ಲ. ಪುಸ್ತಕ ಎಂತ ರವಿಕೆ ಹಾಕ್ತದಾ?" ಎಂದು ಹೇಳುತ್ತಿದ್ದವರು ಅವರೇ. ಆ ಮಾತನ್ನು ನಾನು ನಂಬಿದೆ. ನಂಬಿ, ನನ್ನ ಪರೀಕ್ಷೆಯ ಉಡುಪಾಗಿ ಅಮ್ಮನ ರವಿಕೆಯನ್ನು ಆರಿಸಿಕೊಂಡೆ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಚಿಕ್ಕವರಿದ್ದಾಗ ಗೇರುಮರದಿಂದ ಬಿದ್ದು ಎಡ ಹೆಗಲಿನ ಎಲುಬು ಮುರಿದಿತ್ತಂತೆ. ಊರಿನ ಪಂಡಿತರು ಕಟ್ಟಿದ ಕಟ್ಟು ಕೂಡಿಕೊಂಡಿತು, ಆದರೆ ಕೂಡಿಕೊಂಡದ್ದು ಕೆಳಗೆ. ಬಲ ಹೆಗಲಿಗಿಂತ ಎಡ ಹೆಗಲು ಸುಮಾರು ಒಂದೂವರೆ ಇಂಚು ತಗ್ಗು. ಯಾವ ಟೈಲರ್ ಹೊಲಿದರೂ ಅಮ್ಮನ ರವಿಕೆ ಎಡಗಡೆ ಜಾರುತ್ತಿತ್ತು, ಕೊರಳು ಓರೆಯಾಗುತ್ತಿತ್ತು, ಕಂಕುಳಿನಲ್ಲಿ ಬಟ್ಟೆ ಗಂಟು ಬೀಳುತ್ತಿತ್ತು. ಅಂಗಡಿಯವರು "ನಿಮ್ಮ ಹೆಗಲೇ ಹಾಗೆ, ನಾವೆಂತ ಮಾಡುವುದು" ಎನ್ನುತ್ತಿದ್ದರು. ಅಮ್ಮ ಹೊರಗೆ ಹೋಗುವಾಗ ಎಂತಹ ಸೆಕೆಯಿದ್ದರೂ ಎರಡೂ ಹೆಗಲ ಮೇಲೆ ಸೆರಗು ಹೊದ್ದು ಮುಂದೆ ತಂದು ಹಿಡಿದುಕೊಳ್ಳುತ್ತಿದ್ದರು. ಮದುವೆಮನೆಯಲ್ಲಿ ಊಟ ಮಾಡುವಾಗಲೂ ಒಂದು ಕೈ ಸೆರಗಿನಲ್ಲಿಯೇ. ನಾನು ಹುಟ್ಟಿದಂದಿನಿಂದ ನೋಡಿದ್ದು ಅದೇ ಅಮ್ಮನನ್ನು. ಪರೀಕ್ಷೆ ಮುಗಿದ ವಾರವೇ ಪಡುಬಿದ್ರಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ ಇತ್ತು. ಆ ಮದುವೆಯಲ್ಲಿ ಅಮ್ಮ ಸೆರಗು ಹೊದೆಯದೆ, ಎರಡೂ ಕೈ ಬೀಸಿಕೊಂಡು ಓಡಾಡಬೇಕು ಎಂದು ನಾನು ನಿಶ್ಚಯ ಮಾಡಿದೆ.

ಈಗ ಒಂದು ಸಣ್ಣ ಕಸುಬಿನ ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ರವಿಕೆಯ ನಕ್ಷೆ ಬಿಡಿಸುವಾಗ ಯಾರೂ ಪೂರ್ತಿ ಬಿಡಿಸುವುದಿಲ್ಲ. ಕಾಗದದಲ್ಲಿ ಅರ್ಧ ರವಿಕೆ ಬಿಡಿಸುತ್ತೇವೆ. ಬಟ್ಟೆಯನ್ನು ನಡುವಿಗೆ ಮಡಚಿ, ಆ ಅರ್ಧವನ್ನು ಮೇಲಿಟ್ಟು, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸುತ್ತೇವೆ. ಬಿಚ್ಚಿದರೆ ಎಡ ಬಲ ತಾನಾಗಿಯೇ ಸಮ. ಅದಕ್ಕೆ ಬುದ್ಧಿ ಬೇಡ, ಕೈಚಳಕ ಬೇಡ, ಬಟ್ಟೆ ಮಡಚಲು ಬಂದರೆ ಸಾಕು. ಸಮ ಇಲ್ಲದ ಮೈಗೆ ಹೊಲಿಯುವುದು ಹಾಗಲ್ಲ. ಎಡದ ನಕ್ಷೆ ಬೇರೆ, ಬಲದ ನಕ್ಷೆ ಬೇರೆ. ಹೆಗಲು ಎಷ್ಟು ಇಳಿಯಿತೋ ಕಂಕುಳೂ ಅಷ್ಟೇ ಇಳಿಯಬೇಕು, ತೋಳಿನ ಮೇಲ್ಭಾಗ ಅದಕ್ಕೆ ಹೊಂದಬೇಕು, ಇಷ್ಟೆಲ್ಲ ಆದ ಮೇಲೆಯೂ ಕೊರಳು ನೋಡುವವರಿಗೆ ನೇರ ಕಾಣಬೇಕು. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ. ನಾನು ಅಮ್ಮನ ಮೈಯಿಂದ ಕಲಿತೆ.

ಅಮ್ಮ ಅಳತೆ ಕೊಡಲು ಎದ್ದು ನಿಲ್ಲುವವರಲ್ಲ. ಬೀಡಿ ಎಲೆಯ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡೇ "ಅಳೆ, ಅಳೆ, ಬೇಗ ಅಳೆ" ಎನ್ನುವವರು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಗೆರಸೆ ಕಿತ್ತು ಬದಿಗಿಟ್ಟು ನಿಲ್ಲಿಸಿದೆ. ಟೇಪು ಎಡ ಹೆಗಲಿಗೆ ತಾಗಿದ ಕೂಡಲೇ ಅವರ ಮುಖ ಚಿಕ್ಕದಾಯಿತು. "ಅಲ್ಲಿ ಬೇಡ ಮಗಾ, ಬಲದ್ದೇ ಎರಡು ಕಡೆಗೂ ಹಾಕು" ಎಂದರು. ಟೈಲರರೆಲ್ಲ ಹಾಗೆಯೇ ಮಾಡುತ್ತಿದ್ದರಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಹೊಲಿದ ಮೊದಲನೆಯದು ಕುತ್ತಿಗೆಯಲ್ಲಿ ಎಳೆಯಿತು. ಎರಡನೆಯದು ತೋಳು ಎತ್ತಿದರೆ ಹಿಡಿಯಿತು. ಮೂರನೆಯದನ್ನು ತಿಳಿ ಹಸಿರು ಬಣ್ಣದ ಟೂ ಬೈ ಟೂ ಬಟ್ಟೆಯಲ್ಲಿ ಹೊಲಿದೆ. ಅದನ್ನು ಹಾಕಿಕೊಂಡು ಅಮ್ಮ ಕೈ ಮೇಲೆತ್ತಿದರು, ಇಳಿಸಿದರು, ಗೋಡೆಯಲ್ಲಿ ನೇತುಹಾಕಿದ್ದ ಕನ್ನಡಿಯ ಮುಂದೆ ಆಚೆ ಈಚೆ ತಿರುಗಿದರು. ರವಿಕೆ ಕದಲಲಿಲ್ಲ. ಅಮ್ಮ ಸೆರಗನ್ನು ಎಡ ಹೆಗಲ ಮೇಲೆ ಒಂದೇ ಪದರ ಹಾಕಿ, ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿ ಚಹಾ ಇಟ್ಟರು. ನನಗೆ ಅಂದೇ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು.

ಪರೀಕ್ಷೆಯ ದಿನ ಅಮ್ಮನೂ ಉಡುಪಿಗೆ ಬಂದಿದ್ದರು. ನನ್ನದು ಮುಗಿದ ಮೇಲೆ ಮದುವೆಗೆ ಬಳೆ ಇಡಿಸಿಕೊಳ್ಳಬೇಕಿತ್ತು. ಅವರನ್ನು ಗೇಟಿನ ಹತ್ತಿರದ ಕಟ್ಟೆಯಲ್ಲಿ ಕೂರಿಸಿ ನಾನು ಒಳಗೆ ಹೋದೆ. ಪರೀಕ್ಷಕರು ಬೇರೆ ಊರಿನಿಂದ ಬಂದ ಹಿರಿಯ ಹೆಂಗಸು. ಬಹಳ ಶಿಸ್ತಿನವರು ಎಂದು ಮೊದಲೇ ಸುದ್ದಿಯಿತ್ತು. ನಮ್ಮ ಟೀಚರ್ ಪಕ್ಕದ ಕುರ್ಚಿಯಲ್ಲಿದ್ದರು. ನನ್ನ ಸರದಿ ಬಂದಾಗ ಆ ಹೆಂಗಸು ಫೈಲನ್ನು ಎರಡೇ ಬೆರಳಿನಲ್ಲಿ ಮಗುಚಿದರು. ತೇಪೆಯ ಪುಟ ಬಂದಾಗ ಮಾತ್ರ ನಿಲ್ಲಿಸಿ "ಇದು ಚೆನ್ನಾಗಿದೆ" ಎಂದು ಪೂರ್ತಿ ಅಂಕ ಬರೆದರು. ಆಮೇಲೆ ರವಿಕೆ ಎತ್ತಿಕೊಂಡರು. ನಡುವಿಗೆ ಮಡಚಿದರು. ಹೆಗಲಿಗೆ ಹೆಗಲು ಕೂಡಿಸಿದರು. ಕೂಡಲಿಲ್ಲ.

"ಇದೇನು?" ಎಂದರು.

"ಹೆಗಲು ತಗ್ಗು ಇರುವವರಿಗೆ ಹೊಲಿದದ್ದು ಮೇಡಂ. ನನ್ನ ಅಮ್ಮನಿಗೆ."

"ಎಡ ಬಲ ಸಮ ಇಲ್ಲ."

"ಅಮ್ಮನ ಹೆಗಲು ಸಮ ಇಲ್ಲ ಮೇಡಂ."

"ನಾನು ನಿನ್ನ ಅಮ್ಮನಿಗೆ ಅಂಕ ಹಾಕುತ್ತಿಲ್ಲ" ಎಂದರು. ಹಿಂದೆ ಕೂತ ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. ನಾನು ಬಿಡಲಿಲ್ಲ. "ಅಮ್ಮ ಗೇಟಿನಲ್ಲೇ ಇದ್ದಾರೆ, ಕರೆಯುತ್ತೇನೆ, ಹಾಕಿ ತೋರಿಸುತ್ತಾರೆ" ಎಂದೆ. ಪರೀಕ್ಷೆಗೆ ಅಮ್ಮನನ್ನು ಕರೆಯುವ ಕ್ರಮ ಇಲ್ಲ ಎಂದರು. "ಎರಡು ನಕ್ಷೆ ಬಿಡಿಸಿದ್ದೇನೆ, ಫೈಲಿನ ಕೊನೆಯ ಪುಟದಲ್ಲಿ ಉಂಟು, ನೋಡಿ" ಎಂದೆ. ನೋಡಲಿಲ್ಲ. 'ಸಮತೆ' ಎಂಬ ಕಲಂನಲ್ಲಿ ಉರುಟಾಗಿ ಒಂದು ಸೊನ್ನೆ ಬರೆದರು. ನಾನು ನಮ್ಮ ಟೀಚರ ಮುಖ ನೋಡಿದೆ. ಮೈ ನೋಡಿ ಹೊಲಿಯಬೇಕು ಎಂದಿದ್ದ ಆ ಟೀಚರ್ ಕಿಟಕಿಯಾಚೆ ನೋಡುತ್ತಿದ್ದರು.

ಸಾಮಾನ್ಯವಾಗಿ ಕತ್ತರಿ ಹಾಕುವುದು ಒಳ ಅಂಚಿನಲ್ಲಿ. ಕೆಲವು ಪರೀಕ್ಷಕರು ಕರುಣೆಯುಳ್ಳವರು, ಹೊಲಿಗೆಯೊಳಗೆ ಮಡಚಿ ಉಳಿದ ಬಟ್ಟೆಯಲ್ಲಿ ಕಂಡೂ ಕಾಣದ ಹಾಗೆ ಒಂದು ಚೂರು ತೆಗೆಯುತ್ತಿದ್ದರು. ಈ ಹೆಂಗಸು ರವಿಕೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ, ಬೆನ್ನಿನ ನಟ್ಟನಡುವೆ ಬಟ್ಟೆಯನ್ನು ಚಿವುಟಿ ಎತ್ತಿ ಕತ್ತರಿಸಿದರು. ಎದುರು ಮಾತಾಡಿದ್ದಕ್ಕೆ ಶಿಕ್ಷೆ ಅದು, ಕ್ರಮ ಅಲ್ಲ. ತಿಳಿ ಹಸಿರಿನ ಒಂದು ಮೂರು ಮೂಲೆಯ ತುಂಡು ಮೇಜಿನ ಮೇಲೆ ಬಿತ್ತು. ನನ್ನ ಕೈ ಆ ಕತ್ತರಿಯ ಕಡೆಗೆ ಹೋಗಲು ಹವಣಿಸಿತ್ತು ಎಂದು ನನಗೆ ಗೊತ್ತಿದೆ. ಹೋಗಲಿಲ್ಲ, ಯಾಕೆಂದರೆ ನನಗೆ ಕೆಲಸ ಬೇಕಿತ್ತು.

ಗೇಟಿನ ಹತ್ತಿರ ಅಮ್ಮ ಎದ್ದು ನಿಂತು "ಎಂತ ಹೇಳಿದರು?" ಎಂದರು. ನಾನು ರವಿಕೆಯನ್ನು ಅವರ ಕೈಗೆ ಹಾಕಿದೆ. ಅಮ್ಮ ತೂತಿನೊಳಗೆ ಬೆರಳು ಹಾಕಿ ನೋಡಿದರು. "ಬೀಡಿ ಕೊಡುವ ಬ್ರಾಂಚಿನಲ್ಲಿಯೂ ಹಾಗೇ ಅಲ್ವಾ, ಸರಿ ಇಲ್ಲದ್ದನ್ನು ಮುರಿದು ಹಾಕ್ತಾರೆ" ಎಂದರು. "ಇದು ಸರಿ ಇತ್ತು ಅಮ್ಮ!" ಎಂದು ನಾನು ಕೂಗಿದೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅಮ್ಮ ರವಿಕೆಯನ್ನು ಮಡಚಿ ಚೀಲಕ್ಕೆ ಹಾಕುತ್ತ "ಬೆನ್ನಿನಲ್ಲಿ ಅಲ್ವಾ ಮಗಾ. ನನಗೆ ಕಾಣುವುದಿಲ್ಲ" ಎಂದರು.

ನಾನು ಆ ತೂತಿಗೆ ತೇಪೆ ಹಾಕಿದೆ. ಪೂರ್ತಿ ಅಂಕ ಬಂದ ತೇಪೆಯಲ್ಲವೇ, ಹತ್ತಿರದಿಂದ ನೋಡಿದರೂ ಗೊತ್ತಾಗದ ಹಾಗೆ ಹಾಕಿದೆ. ಆದರೂ ಎಳೆಯ ದಿಕ್ಕು ಅಲ್ಲೊಂದು ಕಡೆ ತಪ್ಪಿತ್ತು, ಬೆಳಕು ಬಿದ್ದರೆ ಒಂದು ಚೌಕ ಮಿನುಗುತ್ತಿತ್ತು. ಪಡುಬಿದ್ರಿಯ ಮದುವೆಗೆ ಅಮ್ಮ ಅದನ್ನೇ ಹಾಕಿಕೊಂಡರು. ಬೇಡ ಎಂದರೂ ಕೇಳಲಿಲ್ಲ, ಮಗಳು ಹೊಲಿದದ್ದು ಎಂದು ಎಲ್ಲರಿಗೂ ಹೇಳಿದರು. ಹೇಳುತ್ತ ಹೇಳುತ್ತ ಇಡೀ ದಿನ ಎರಡೂ ಹೆಗಲು ಮುಚ್ಚುವ ಹಾಗೆ ಸೆರಗು ಹೊದ್ದು, ಮುಂದೆ ತಂದು, ಕೈಯಲ್ಲಿ ಹಿಡಿದುಕೊಂಡಿದ್ದರು. ಮೊದಲು ಹೆಗಲು ಮುಚ್ಚಲು, ಈಗ ತೇಪೆ ಮುಚ್ಚಲು. ಬೆವರಿನಿಂದ ಆ ಹಸಿರು ಕಪ್ಪಾದದ್ದನ್ನು ನಾನು ಊಟದ ಪಂಕ್ತಿಯಲ್ಲಿ ಎದುರಿಗೆ ಕೂತು ನೋಡಿದೆ. ಪಾಯಸ ಬಡಿಸಲು ಬಂದವರಿಗೆ ಬೇಡ ಎಂದೆ.

ನಾನು ಪಾಸಾದೆ. ಕಾಪುವಿನ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆದೆ. ನಮ್ಮ ಟೀಚರ್ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, "ನಾನು ಅಂದು ಬಾಯಿ ತೆರೆದಿದ್ದರೆ ನಿನ್ನ ಹಿಂದಿನ ಹುಡುಗಿಯರಿಗೆಲ್ಲ ಕಷ್ಟ ಆಗ್ತಿತ್ತು ಮಾರಾಯ್ತಿ" ಎಂದರು. ಇರಬಹುದು. ನನ್ನ ಮುಂದೆ ಅವರ ಕಣ್ಣು ತುಂಬಿತು, ನನಗೆ ಕರುಣೆ ಬರಲಿಲ್ಲ. ನನ್ನ ಸ್ಟಾಪು ಬಂತು, ಇಳಿದೆ.

ನನ್ನ ತರಗತಿಯಲ್ಲಿ ನಾನು ಬೇರೆ ಹಾಳೆ ಮಾಡಿದೆ. ಯಾರಿಗೆ ಹೊಲಿದದ್ದು, ಹಾಕಿ ನೋಡಿದಾಗ ಎಲ್ಲಿ ಹಿಡಿಯಿತು, ಆಮೇಲೆ ಎಂತ ಮಾಡಿದೆ ಎಂಬ ಪ್ರಶ್ನೆಗಳೇ ಅದರಲ್ಲಿ ಹೆಚ್ಚು. ಕೆಟ್ಟುಹೋದ ಮೊದಲ ಹೊಲಿಗೆಯನ್ನೂ ಫೈಲಿನಲ್ಲಿ ಇಡಿಸುತ್ತಿದ್ದೆ. ಒಬ್ಬಳು ಎಲ್ಲಿಂದ ಹೊರಟು ಎಲ್ಲಿಗೆ ಬಂದಳೆಂದು ತಿಳಿಯಲು ಬೇರೆ ದಾರಿ ಯಾವುದುಂಟು? ಮುಖ್ಯೋಪಾಧ್ಯಾಯರು ಒಂದು ಫೈಲು ಬಿಡಿಸಿ ನೋಡಿ ಹೌಹಾರಿದರು. "ಇದೆಂತ ಟೀಚರ್, ತಪ್ಪು ಹೊಲಿಗೆಯೆಲ್ಲ ಅಂಟಿಸಿದ್ದೀರಿ? ಇನ್‌ಸ್ಪೆಕ್ಷನ್‌ಗೆ ಬಂದವರು ಎಂತ ಹೇಳಿಯಾರು?" ಎಂದರು. ಕಲಿತಿದ್ದಾರೆ ಎಂದು ಹೇಳಿಯಾರು ಎಂದೆ. ಅವರಿಗೆ ಅದು ಉದ್ಧಟತನವಾಗಿ ಕೇಳಿಸಿತು. ಇನ್‌ಸ್ಪೆಕ್ಷನ್ ಬಂದಾಗ ನನ್ನ ಮಕ್ಕಳ ಫೈಲುಗಳನ್ನು ಕಪಾಟಿನೊಳಗೆ ಬೀಗ ಹಾಕಿ ಇಟ್ಟು, ಯಾವುದೋ ಹಳೆಯ ವರ್ಷದ ಜರಿ ಅಂಚಿನ ಫೈಲುಗಳನ್ನು ಮೇಜಿನ ಮೇಲೆ ಜೋಡಿಸಿದರು. ಬಂದವರು ಭೇಷ್ ಎಂದು ಹೋದರು.

ಎಂಬತ್ತರ ದಶಕದ ನಡುವಿನಲ್ಲಿ ನನಗೇ ಪರೀಕ್ಷಕಿಯಾಗಿ ಹೋಗುವ ಕರೆ ಬಂತು, ಕಾರ್ಕಳಕ್ಕೆ. ಅದೇ ತರಬೇತಿಯ ಪರೀಕ್ಷೆ. ಕಾಪುವಿನಿಂದ ಪಡುಬಿದ್ರಿಗೆ ಹೋಗಿ, ಅಲ್ಲಿ ಬೆಳ್ಮಣ್ ದಾರಿಯಾಗಿ ಹೋಗುವ ಬಸ್ಸು ಹಿಡಿದು ಹೋದೆ. ಮೊದಲೇ ಹೇಳಿಬಿಡುತ್ತೇನೆ, ಅದೇ ನನ್ನ ಮೊದಲನೆಯ ಮತ್ತು ಕೊನೆಯ ಕರೆ. ಆ ದಿನದ ನಂತರ ನನ್ನನ್ನು ಯಾರೂ ಯಾವ ಪರೀಕ್ಷೆಗೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿ ನನ್ನ ಜೊತೆಗೆ ಇನ್ನೊಬ್ಬಳು ಪರೀಕ್ಷಕಿ, ಆಗಷ್ಟೇ ಕೆಲಸಕ್ಕೆ ಸೇರಿದ ಚಿಕ್ಕ ಪ್ರಾಯದವಳು. ಮೆಲುಮಾತು, ನನಗೆ ಕುರ್ಚಿ ಎಳೆದು ಕೊಟ್ಟಳು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಒಳ್ಳೆಯ ಹುಡುಗಿ. ಒಳ್ಳೆಯವಳೇ ಆ ಹಾಳೆಯನ್ನು ಅಷ್ಟು ಶ್ರದ್ಧೆಯಿಂದ ಮೇಜಿನ ಮೇಲೆ ಹರಡಿ ಇಟ್ಟದ್ದು ನನಗೆ ಹೆಚ್ಚು ಸಿಟ್ಟು ತರಿಸಿತು. ಅದೇ ಹಾಳೆ. ಸೈಕ್ಲೋಸ್ಟೈಲ್ ಹೋಗಿ ಅಚ್ಚಾಗಿತ್ತು ಅಷ್ಟೇ. ನನ್ನ ಅಮ್ಮನ ರವಿಕೆಗೆ ತೂತು ಮಾಡಿದ ಹೆಂಗಸು ಆಗಲೇ ನಿವೃತ್ತರಾಗಿರಬೇಕು, ಹಾಳೆ ನಿವೃತ್ತವಾಗಿರಲಿಲ್ಲ. ಅದರ ಪಕ್ಕದಲ್ಲಿ ಕತ್ತರಿ.

ಹುಡುಗಿಯರು ಒಬ್ಬೊಬ್ಬರೇ ಬಂದು ಫೈಲು, ಉಡುಪು ಇಡತೊಡಗಿದರು. ಚೆಂದದ ಫೈಲುಗಳು, ನೇರ ಹೊಲಿಗೆ. ನಾನು ಪ್ರತಿಯೊಬ್ಬಳಿಗೂ ಒಂದೇ ಪ್ರಶ್ನೆ ಕೇಳಿದೆ, ಇದು ಯಾರಿಗೆ ಹೊಲಿದದ್ದು ಎಂದು. ಮೊದಲನೆಯವಳು ಬೆದರಿ ನನ್ನ ಮುಖ ನೋಡಿ "ಪರೀಕ್ಷೆಗೆ ಟೀಚರ್" ಎಂದಳು. ಎರಡನೆಯವಳೂ ಪರೀಕ್ಷೆಗೆ. ಅದರ ನಂತರದವಳೂ ಪರೀಕ್ಷೆಗೆ. ಎತ್ತಿ ನೋಡಿದರೆ ಎಲ್ಲವೂ ಪುಸ್ತಕದ ಅಳತೆ. ಬಟ್ಟೆ ಸಿಕ್ಕುವುದರಲ್ಲೇ ಅಗ್ಗದ್ದು, ಹೇಗೂ ಕತ್ತರಿ ಬೀಳುತ್ತದಲ್ಲ. ಮೇಜಿನ ಮೇಲೆ ರವಿಕೆಯ ರಾಶಿ ಬೆಳೆಯಿತು, ಅದರಲ್ಲಿ ಒಂದಾದರೂ ಈ ಭೂಮಿಯ ಮೇಲೆ ಉಸಿರಾಡುವ ಹೆಂಗಸಿನದ್ದಲ್ಲ. ಎರಡು ವರ್ಷ ಕಲಿತು ಯಾರಿಗೂ ಅಲ್ಲದ ರವಿಕೆ ಹೊಲಿಯುತ್ತಾರೆ, ನಾವು ಅದಕ್ಕೆ ಅಂಕ ಹಾಕಿ ತೂತು ಮಾಡಿ ಕೊಡುತ್ತೇವೆ. ನನ್ನ ತಲೆ ಕಾಯತೊಡಗಿತು.

ಊಟದ ಹೊತ್ತಿಗೆ ಮುಂಚೆ ಒಬ್ಬಳು ಬಂದಳು. ಕಡ್ಡಿಯ ಹಾಗಿದ್ದ ಹುಡುಗಿ. ಅವಳ ಫೈಲಿನಲ್ಲಿ ಒಂದು ನಕ್ಷೆಯ ಬದಿಯಲ್ಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು ಅಳಿಸಿದ್ದಳು. ಬೆನ್ನಿನ ಭಾಗವನ್ನು ಉದ್ದ ಮಾಡುವ ಗೆರೆ ಅದು. ಗೂನುಬೆನ್ನಿನವರಿಗೆ ಹಾಗೆ ಬೇಕಾಗುತ್ತದೆ. ಪುಸ್ತಕದಲ್ಲಿ ಅದು ಇಲ್ಲ.

"ಇದು ಯಾರಿಗೆ?" ಎಂದೆ.

"ಪರೀಕ್ಷೆಗೆ ಟೀಚರ್."

"ಈ ಅಳಿಸಿದ ಗೆರೆ ಯಾರಿಗೆ?"

ಅವಳು ಆ ಗೆರೆಯ ಮೇಲೆ ಬೆರಳು ಇಟ್ಟಳು. ಆಮೇಲೆ ಸಣ್ಣ ಧ್ವನಿಯಲ್ಲಿ ಹೇಳಿದಳು. ಅದು ಅವಳ ಅಜ್ಜಿಗೆ. ಅಜ್ಜಿಯ ಬೆನ್ನು ಬಾಗಿದೆ, ಯಾವ ರವಿಕೆ ಹಾಕಿದರೂ ಹಿಂದೆ ಮೇಲಕ್ಕೆ ಹೋಗಿ ಸೊಂಟ ಕಾಣುತ್ತದೆ. ಅವಳು ನಾಲ್ಕು ಸಲ ಹೊಲಿದು ಬಿಚ್ಚಿ ಸರಿ ಮಾಡಿದ್ದಾಳೆ. ಅದು ಮನೆಯಲ್ಲಿ ಉಂಟು. "ಅದನ್ನು ಯಾಕೆ ತರಲಿಲ್ಲ?" ಎಂದೆ. "ಅದು ಹಿಂದೆ ಮುಂದೆ ಸಮ ಇಲ್ಲ ಟೀಚರ್. ಮತ್ತೆ ನೀವು ಕತ್ತರಿಸ್ತೀರಿ ಅಲ್ವಾ" ಎಂದಳು.

ನಾನು ಪೆನ್ನು ಕೆಳಗಿಟ್ಟೆ. ಅವಳು ಕಲಿತದ್ದೆಲ್ಲ ಮನೆಯಲ್ಲಿತ್ತು. ನಮ್ಮ ಮೇಜಿನ ಮೇಲೆ ಇದ್ದದ್ದು ನಮ್ಮ ಹಾಳೆಗೆ ಹೆದರಿ ಹೊಲಿದದ್ದು. ನಾನಾದರೋ ಪೆದ್ದಿ, ನನ್ನ ಒಳ್ಳೆಯದನ್ನು ಕತ್ತರಿಯ ಬಾಯಿಗೆ ಕೊಟ್ಟಿದ್ದೆ. ಈ ಹುಡುಗಿ ಬುದ್ಧಿವಂತೆ, ಒಳ್ಳೆಯದನ್ನು ಅಡಗಿಸಿ ಕೆಟ್ಟದ್ದನ್ನು ತಂದಿದ್ದಳು. ನಮ್ಮ ಪರೀಕ್ಷೆ ಅವಳಿಗೆ ಕಲಿಸಿದ್ದು ಆ ಬುದ್ಧಿಯನ್ನು.

"ಮನೆ ಎಷ್ಟು ದೂರ?" ಎಂದೆ. ಹತ್ತಿರವೇ, ಆನೆಕೆರೆಯ ಬದಿಯಲ್ಲಿ ಎಂದಳು. "ಊಟದ ಹೊತ್ತಿನಲ್ಲಿ ಹೋಗಿ ಅದನ್ನು ತಾ. ಅಜ್ಜಿಗೆ ನಡೆಯಲು ಆಗ್ತದೆ ಅಂತಾದರೆ ಅವರನ್ನೂ ಕರೆದುಕೊಂಡು ಬಾ" ಎಂದೆ. ಜೊತೆಯವಳ ಮುಖ ಬಿಳಿಚಿತು. "ಟೀಚರ್, ಹಾಗೆ ಕ್ರಮ ಉಂಟಾ?" ಎಂದಳು. "ಇಲ್ಲ" ಎಂದೆ.

ಎರಡು ಗಂಟೆಗೆ ಅಜ್ಜಿ ಬಂದರು. ಮೊಮ್ಮಗಳ ಕೈ ಹಿಡಿದು, ಮೆಟ್ಟಿಲಲ್ಲಿ ಒಮ್ಮೆ ಕೂತು, ಪರೀಕ್ಷೆಯ ಹಾಲಿಗೆ ಬಂದರು. ಮೈಯಲ್ಲಿ ಅದೇ ರವಿಕೆ, ಕಾಫಿ ಬಣ್ಣದ್ದು. ಹುಡುಗಿಯರೆಲ್ಲ ಎದ್ದು ನಿಂತರು. ನಾನು ಟೇಪು ಹಿಡಿದು ಹತ್ತಿರ ಹೋಗಿ ಬದಿಯಿಂದ ನೋಡಿದೆ. ಬಾಗಿದ ಬೆನ್ನಿನ ಮೇಲೆ ಆ ರವಿಕೆ ಎಲ್ಲಿಯೂ ಎಳೆಯದೆ ಇಳಿದು, ಸೊಂಟದಲ್ಲಿ ಸುತ್ತಲೂ ಒಂದೇ ಎತ್ತರದಲ್ಲಿ ನಿಂತಿತ್ತು. ಮೇಜಿನ ಮೇಲೆ ಮಡಚಿ ನೋಡಿದರೆ ಅದು ಸಮ ಇಲ್ಲ. ಮೈಯ ಮೇಲೆ ಅದರಷ್ಟು ಸಮವಾದದ್ದನ್ನು ನಾನು ಕಂಡಿಲ್ಲ. 'ಸಮತೆ'ಯ ಕಲಂನಲ್ಲಿ ಹತ್ತಕ್ಕೆ ಹತ್ತು ಬರೆದೆ. ಬರೆಯುವಾಗ ಪೆನ್ನಿನ ಮೊನೆಗೆ ಹಾಳೆ ಹರಿಯಿತು.

ಜೊತೆಯವಳು ಸಹಿ ಹಾಕಲಿಲ್ಲ. ತಪ್ಪು ಬಂದರೆ ತನ್ನ ಕೆಲಸಕ್ಕೆ ತೊಂದರೆ ಎಂದಳು, ಪಾಪ. ಹಾಕಬೇಡ, ನಾನೊಬ್ಬಳೇ ಹಾಕುತ್ತೇನೆ ಎಂದೆ. ಏನಾದರೂ ಒಂದು ಕ್ರಮವಾದರೂ ಉಳಿಯಲಿ ಎಂದೋ ಏನೋ, ಅವಳು ಕತ್ತರಿಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.

ಮೇಜಿನ ಮೇಲೆ ಕತ್ತರಿ ಉಜ್ಜಿದ ಸದ್ದು ಅಜ್ಜಿಗೆ ಕೇಳಿಸಿತು. ಮೊಮ್ಮಗಳು ದಾರಿಯಲ್ಲಿ ಎಲ್ಲ ಹೇಳಿ ಕರೆತಂದಿರಬೇಕು. ಅವರು ಯಾರೂ ಹೇಳದೆಯೇ ನಮಗೆ ಬೆನ್ನು ಹಾಕಿ ನಿಂತರು. ಸೆರಗನ್ನು ಹಿಂದಿನಿಂದ ಎಳೆದು ಮುಂದಕ್ಕೆ ಹಾಕಿಕೊಂಡು, ಆ ಗೂನುಬೆನ್ನನ್ನು ಇನ್ನಷ್ಟು ಬಾಗಿಸಿ ನಮ್ಮ ಮೇಜಿನ ಕಡೆಗೆ ಒಡ್ಡಿದರು.

"ಹಿಂದೆಯೇ ಕತ್ತರಿಸಿ ಟೀಚರಮ್ಮ, ಹಿಂದೆಯಾದರೆ ನನಗೆ ಕಾಣುವುದಿಲ್ಲ" ಎಂದರು.

"ಈಚೆ ತಿರುಗಿ ಅಜ್ಜಿ!" ಎಂದು ನಾನು ಕಿರುಚಿದೆ. 

ನನ್ನ ಅಷ್ಟು ವರ್ಷದ ಸಿಟ್ಟೆಲ್ಲ ಆ ಒಂದು ಕೂಗಿನಲ್ಲಿತ್ತು. ಅದು ತಲುಪಬೇಕಾದವರು ಯಾರೂ ಆ ಹಾಲಿನಲ್ಲಿ ಇರಲಿಲ್ಲ. ಅಜ್ಜಿ ಬೆಚ್ಚಿಬಿದ್ದು, ಏನೋ ತಪ್ಪು ಮಾಡಿದವರಂತೆ, ಬೇಗ ಬೇಗ ಸೆರಗು ಹೊದ್ದುಕೊಂಡರು.